ಬಲಗಡೆಯ ಮಡಿಕೆ

ನೂಲಿನ ತುದಿ ಬೆರಳಿಗೆ ಅಂಟಿದೆ, ಕೊಡವಿದರೂ ಬೀಳದು, ಬೀಳದಿದ್ದರೆ ಬೇಡ, ಅವಳ ಕಣ್ಣು ಮೇಜಿನ ಮೇಲೆ ಅಂಗಾತ ಮಲಗಿರುವ ಬಟ್ಟೆಯ ಹೆಂಗಸಿನ ಮೇಲಿದೆ — ಮಗಳದೇ ಎತ್ತರ, ಮಗಳದೇ ಭುಜ, ಕನ್ನಡಿ ನೋಡಿಕೊಂಡು ತನ್ನದೇ ಚಿತ್ರ ಬರೆಯುವ ಕಸುಬು ಮಗಳದು, ಈ ಸಲ ಪ್ರದರ್ಶನದಲ್ಲಿ ಬಟ್ಟೆಯ ಬೊಂಬೆಯಾಗಿ ನಿಲ್ಲಬೇಕಂತೆ, ಅಮ್ಮ, ನನ್ನನ್ನ ನೀನೇ ಹೊಲಿದುಕೊಡು, ಬೇರೆ ಟೈಲರ್ ಕೈಗೆ ಕೊಡಲ್ಲ, ಅಂದಿದ್ದಳು, ಒಂದ್ಸಲ ಹೆತ್ತಿದ್ದು ಸಾಲದೇನೇ, ಎಂದು ತಾಯಿ ನಕ್ಕಿದ್ದಳು, ಅಳತೆ ಕೇಳಲಿಲ್ಲ, ಮೆಷಿನ್ ತುಳಿದೇ ಸಾಕಿದ ಮಗಳ ಅಳತೆ ಕೇಳುವುದುಂಟೇ, ಕೈ ತನ್ನ ಪಾಡಿಗೆ ಕತ್ತರಿಸಿತು, ಎದೆಗೆ ಎರಡೂ ಕಡೆ ಮಡಿಕೆ ಹಿಡಿದು ಉಬ್ಬು ತಂದಿತು — ಎರಡೂ ಕಡೆ — ಹೋದ ವರ್ಷ ಆಸ್ಪತ್ರೆಯಲ್ಲಿ ಮಗಳ ಬಲಗಡೆಯ ಮೊಲೆ ತೆಗೆದದ್ದು ತಲೆಗೆ ಗೊತ್ತು, ಕೈಗೆ ಯಾರೂ ಹೇಳಿರಲಿಲ್ಲ. ಇದು ನಾನಲ್ಲಮ್ಮ, ಎಂದಳು ಮಗಳು ಈಗಷ್ಟೇ, ಬಾಗಿಲಿಗೆ ಒರಗಿ, ಸಿಟ್ಟಿಲ್ಲದೆ, ಅದಕ್ಕೇ ತಾಯಿ ಬಿಚ್ಚುತ್ತಿದ್ದಾಳೆ, ಸೂಜಿಯ ಮೊನೆಯಲ್ಲಿ ಒಂದೊಂದೇ ಹೊಲಿಗೆ, ಮಡಿಕೆ ಸಡಿಲಿತು, ಬಟ್ಟೆ ಚಪ್ಪಟೆಯಾಯಿತು, ನೂಲು ಹೋಗಿ ತೂತುಗಳ ಸಾಲು ಉಳಿಯಿತು, ತೂತುಗಳು, ಶಾಲೆಯ ಫ್ರಾಕಿನಲ್ಲೂ ಹೀಗೇ, ಹುಡುಗಿ ಉದ್ದವಾದಂತೆಲ್ಲ ಅಂಚು ಬಿಚ್ಚಿ ಇಳಿಸುವುದು, ಹಳೇ ಗೆರೆ ಕಾಣತ್ತಮ್ಮ, ಎಲ್ಲಾ ನಗ್ತಾರೆ, ಕಾಲು ಅಪ್ಪಳಿಸಿ ಅಳುವಳು, ತಾಯಿ ಉಗುರಿಗೆ ಉಗುಳು ಹಚ್ಚಿ ತಿಕ್ಕಿ ತಿಕ್ಕಿ ತೂತು ಮುಚ್ಚುವಳು, ಎಲ್ಲಿದೆ ತೋರಿಸು ಈಗ — ಈಗಲೂ ಹೆಬ್ಬೆರಳು ಬಾಯಿಗೆ ಹೋಗಿ ಬಂದಿದೆ, ತಿಕ್ಕುತ್ತಿದೆ. ಬಿಡು ಅದನ್ನ, ಎನ್ನುತ್ತಾಳೆ ಮಗಳು, ಅಲ್ಲಿ ಗಾಯದ ಗೆರೆ ಬರಬೇಕು, ಕೆಂಪು ನೂಲಲ್ಲಿ, ಇದ್ದ ಹಾಗೇ. ಇದ್ದ ಹಾಗೆ ಎಂದರೆ ಹೇಗೆ, ಕಂಡಿದ್ದರೆ ತಾನೇ, ನರ್ಸು ಪಟ್ಟಿ ಬದಲಿಸುವಾಗ ಕಿಟಕಿಗೆ ಮುಖ ಮಾಡಿದವಳು, ಮನೆಗೆ ಬಂದ ಮೇಲೂ ಟವೆಲ್ಲನ್ನು ಬಾಗಿಲ ಸಂದಿಯಿಂದ ಕೊಟ್ಟವಳು, ನೀನೇ ಬರೆದುಬಿಡೇ, ಸೀಮೆಸುಣ್ಣ ಅಲ್ಲಿದೆ, ಗೆರೆ ಮೇಲೆ ಹೊಲೀತೀನಿ, ಎಂದರೆ ಮಗಳು ನಗುತ್ತಾಳೆ, ಊರವರೆಲ್ಲ ಟಿಕೆಟ್ ತಗೊಂಡು ನೋಡ್ತಾರೆ, ನೀನು ಪುಕ್ಕಟೆ ನೋಡೋಕೂ ಹಿಂದೆಮುಂದೆ ನೋಡ್ತೀಯಲ್ಲ, ಅಂಗಿಯ ಗುಂಡಿ ಬಿಚ್ಚುತ್ತಿದ್ದಾಳೆ, ಮೇಲಿನ ಗುಂಡಿ ಸಡಿಲವಾಗಿದೆ, ನಾಳೆ ಭದ್ರಮಾಡಬೇಕು, ಎರಡನೆಯದು, ಮೂರನೆಯದು, ತಗೋಮ್ಮ ಅಳತೆ — ಕೊರಳಿನ ಟೇಪು ಕೈಗೆ ಬರುತ್ತದೆ, ತಣ್ಣಗಿದೆ, ಕಣ್ಣು ಏಳುತ್ತದೆ, ಗಾಯಕ್ಕಿಂತ ಮೊದಲು ಕಂಡದ್ದು ಅದರ ಎರಡೂ ಮಗ್ಗುಲಿಗೆ ಹೊಲಿದು ಬಿಚ್ಚಿದ ಗುರುತು, ಯಾರದೋ ಕೈ, ಹೊಲಿಗೆ ಸ್ವಲ್ಪ ಅಗಲ, ಹೆಬ್ಬೆರಳು ತಾನಾಗಿ ಬಾಯಿಗೆ ಹೋಗಿದೆ, ಒದ್ದೆಯಾಗಿದೆ, ಅರ್ಧ ದಾರಿಯಲ್ಲಿ ನಿಂತಿದೆ, ತೂತುಗಳು, ಒಂದರ ಪಕ್ಕ ಒಂದು, ತೂತುಗಳು