ಒತ್ತಿದ್ದು ಎಡಕ್ಕೆ, ಚುಚ್ಚಿದ್ದು ಬಲಕ್ಕೆ

ಗಡಿಗೆ ಮಾಡುವವನು ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿದ್ದ. ಬಲ ಮೊಣಕಾಲು ಮಡಚಿಕೊಂಡಿತ್ತು. ಡಾಕ್ಟರಮ್ಮ ಅದನ್ನು ಮೆಲ್ಲಗೆ ಕೆಳಗಿಳಿಸಿ ಕೈ ತೆಗೆಯುವುದೇ ತಡ, ಮತ್ತೆ ಮೇಲೆದ್ದಿತು.

"ಯಾವಾಗಿಂದ ನೋವು?"

"ನೋವೆಲ್ಲಿ? ನಿನ್ನೆ ಹೊಕ್ಕಳ ಸುತ್ತ ಹಿಂಡಿದ ಹಾಗಿತ್ತು. ಈಗ ಹೋಯ್ತು. ಇವಳೇ ಎಳಕೊಂಡು ಬಂದಿದ್ದು."

"ಸಾಕು ಸುಮ್ನಿರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ನಿನ್ನೆಯಿಂದ ಒಂದಗುಳು ಒಳಕ್ಕೆ ಹೋಗಿಲ್ಲ. ಎರಡು ಸಲ ವಾಂತಿ. ಇವತ್ತು ಆವಿಗೆಗೆ ಬೆಂಕಿ ಹಾಕಬೇಕು ಡಾಕ್ಟರಮ್ಮ, ಅದಕ್ಕೇ ಈ ನಾಟಕ."

ತಿಂಗಳಿಡೀ ತಟ್ಟಿ ಒಣಗಿಸಿದ ಗಡಿಗೆಗಳನ್ನು ಸುಡಲು ಆವಿಗೆಯಲ್ಲಿ ಜೋಡಿಸಿಟ್ಟಾಗಿತ್ತು. ಬೆಂಕಿಯ ಹದವನ್ನು ಅವನು ಇನ್ನೊಬ್ಬರ ಕೈಗೆ ಬಿಟ್ಟವನಲ್ಲ.

ಡಾಕ್ಟರಮ್ಮ ಮೇಲ್ಹೊಟ್ಟೆಯ ಮೇಲೆ ಬೆರಳಿಟ್ಟು, ಅದರ ಮೇಲೆ ಇನ್ನೊಂದು ಬೆರಳಿನಿಂದ ಬಡಿದು ನೋಡಿದರು. ಅವನ ಮುಖ ಅರಳಿತು.

"ಅರೆ, ನಾವೂ ಹೀಗೇ! ಬಿರುಕಿದ್ರೆ ಸದ್ದಲ್ಲೇ ಗೊತ್ತಾಗುತ್ತೆ."

"ಬಿರುಕಿರೋ ಕಡೆನೇ ಬಡೀತೀರಾ?"

"ಎಲ್ಲಿದೆ ಅಂತ ಗೊತ್ತಿದ್ರೆ ಬಡಿಯೋದ್ಯಾಕಮ್ಮ? ಈ ಕಡೆ ಬಡಿದ್ರೂ ಆ ಕಡೇದು ಬಾಯಿ ಬಿಡುತ್ತೆ."

ಬಲಗಡೆ ಕೆಳಹೊಟ್ಟೆ ಒತ್ತಿದಾಗ ಅವನು ಹಲ್ಲು ಕಚ್ಚಿ ಸೂರು ನೋಡಿದ.

"ನೋಯುತ್ತಾ?"

"ಊಹೂಂ."

ಮೈ ಕಾದಿತ್ತು, ನಾಡಿ ಓಡುತ್ತಿತ್ತು, ಹೊಟ್ಟೆ ಕೈಯಡಿ ಬಿಗಿಯುತ್ತಿತ್ತು. ಬಾಯಿ ಮಾತ್ರ ಊಹೂಂ. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ. ಕೈಯನ್ನು ಎಡಗಡೆಗೆ ತಂದರು. ಇದು ನೋಯದ ಕಡೆ ಎಂದು ಅವನು ಹಲ್ಲು ಸಡಿಲಿಸಿದ. ಅವರು ನಿಧಾನವಾಗಿ ಒತ್ತಿದರು. ಅವನ ಕೈ ತಟ್ಟನೆ ಬಲಕ್ಕೆ ಹೋಯಿತು.

"ಇದೇನಮ್ಮ ಇದು! ಒತ್ತಿದ್ದು ಇಲ್ಲಿ, ಚುಚ್ಚಿದ್ದು ಅಲ್ಲಿ! ಅದು ಹ್ಯಾಗೆ?"

ತಲೆಯೆತ್ತಿ ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಏನು ಹೇಳಿಬಿಟ್ಟೆ ಎಂಬುದು ಆಮೇಲೆ ಹೊಳೆಯಿತು. ಹೆಂಡತಿ ಕಿಸಕ್ಕನೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಅಪೆಂಡಿಕ್ಸ್ ಊದಿಕೊಂಡಿರೋ ಹಾಗಿದೆ," ಎಂದರು ಡಾಕ್ಟರಮ್ಮ. "ಒಡೆದ್ರೆ ಜೀವಕ್ಕೇ ಕುತ್ತು. ಈಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಬಿರುಕು ಬಿಟ್ಟ ಗಡಿಗೇನ ಆವಿಗೆಯಲ್ಲಿ ಇಡ್ತೀರಾ ನೀವು?"

ಅವನು ಎತ್ತಿದ ತಲೆಯನ್ನು ಮತ್ತೆ ಮಂಚಕ್ಕೆ ಆನಿಸಿದ.

"ಇಡಲ್ಲ. ಸಿಡಿದ್ರೆ ಪಕ್ಕದ್ದನ್ನೂ ಹಾಳು ಮಾಡುತ್ತೆ."

ಆಂಬುಲೆನ್ಸ್ ಬಂತು. "ಆವಿಗೆ ಮೇಲೆ ತಾಡಪಾಲು ಹೊದಿಸೋಕೆ ಹೇಳೇ. ಹಸಿ ಗಡಿಗೆ ಎಲ್ಲಿಗೆ ಓಡಿಹೋಗುತ್ತೆ," ಎಂದ ಹೆಂಡತಿಗೆ. ಬಾಗಿಲು ಹಾಕುವಾಗ ಕೈಯಡ್ಡ ಹಿಡಿದ.

"ಅದು ಹ್ಯಾಗೆ ಅಂತ ಹೇಳಲೇ ಇಲ್ವಲ್ಲಮ್ಮ?"

"ವಾಪಸ್ ಬನ್ನಿ, ಹೇಳ್ತೀನಿ. ಬರುವಾಗ ಎರಡು ಗಡಿಗೆ ತನ್ನಿ, ಬಿರುಕಿರೋದೊಂದು, ಇಲ್ಲದ್ದೊಂದು. ನಾನೂ ಬಡಿದು ನೋಡ್ಬೇಕು."