ವಾಪಸ್ ಬಂದ ಸಾಲು

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಸೀಟಮ್ಮ ಎಂದೇ ಕರೆಯುವುದು. ಸೀಟಿಗೆ ಕವರ್ ಹೊಲಿಯುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮೂಲೆ, ಅದೇ ಹೊಲಿಗೆ ಯಂತ್ರ. ಹರಿದ ಸೀಟು ಒಳಗೆ ಬರುತ್ತದೆ, ಹೊಸ ರೆಕ್ಸಿನ್ ಹೊದ್ದು ಹೊರಗೆ ಹೋಗುತ್ತದೆ. ಇದರ ನಡುವೆ ಕವಿತೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅವಳ ಗಂಡನೂ ಅದನ್ನೇ ಕೇಳಿದ್ದ. "ನಂಗೇನ್ ಗೊತ್ತು, ಬಂತು" ಎಂದಿದ್ದಳು. ವಿಷಯ ಅಲ್ಲಿಗೆ ಮುಗಿದಿತ್ತು.

ಮುಗಿಯದೇ ಉಳಿದದ್ದು ಫೋನಿನೊಳಗಿನ ಆ ಕವಿತೆಯ ಗುಂಪು. ಸಾವಿರಾರು ಜನ, ಎಲ್ಲೆಲ್ಲಿಯವರೋ. ಅಲ್ಲಿ 'ಸೂಪರ್', 'ಅದ್ಭುತ', ಹೆಬ್ಬೆಟ್ಟು, ಹೂವು ಇವೆಲ್ಲ ನಡೆಯುವುದಿಲ್ಲ. ಕವಿತೆ ಓದಿದ ಮೇಲೆ ಯಾವ ಸಾಲು ಮನಸ್ಸಿನಲ್ಲಿ ಉಳಿಯಿತೋ ಆ ಸಾಲನ್ನೇ ಬರೆದವರಿಗೆ ವಾಪಸ್ ಕಳಿಸಬೇಕು. ಜೊತೆಗೆ ಅದನ್ನು ಎಲ್ಲಿ ಕೂತು ಓದಿದಿರಿ ಎಂದು ಎರಡು ಮಾತು. ಬೆಳಿಗ್ಗೆ ಏಳಕ್ಕೆ ಕವಿತೆ ಹಾಕಬೇಕು. ಸಂಜೆ ಏಳರೊಳಗೆ ಒಂದು ಸಾಲೂ ವಾಪಸ್ ಬರದಿದ್ದರೆ ಗುಂಪು ನಡೆಸುವ ದೊಡ್ಡಕ್ಕ ಕವಿತೆಯನ್ನು ತೆಗೆದುಹಾಕುತ್ತಾಳೆ. ಸತತ ಮೂರು ಸಲ ಹಾಗಾದರೆ ಒಂದು ವರ್ಷ ನೀವು ಬರೀ ಓದಬೇಕು, ಬರೆಯುವಂತಿಲ್ಲ. ಇನ್ನೊಂದು ನಿಯಮವೂ ಇತ್ತು. ಮನೆಯವರು, ನೆಂಟರು ಸಾಲು ಕಳಿಸುವಂತಿಲ್ಲ. ದೊಡ್ಡಕ್ಕನ ಮುಖವನ್ನು ಯಾರೂ ನೋಡಿದವರಿಲ್ಲ, ಆದರೆ ಅವಳಿಗೆ ಹೆದರದವರೂ ಇಲ್ಲ.

ಸೀಟಮ್ಮನ ಎರಡು ಕವಿತೆ ಆಗಲೇ ಹೋಗಿದ್ದವು. ಮೊದಲನೆಯದು ಬೆಳದಿಂಗಳ ಮೇಲೆ, ಎರಡನೆಯದು ನದಿಯ ಮೇಲೆ. ಬೆಳದಿಂಗಳಿಗೂ ಅವಳಿಗೂ ಏನು ಸಂಬಂಧವೋ, ದೇವರಿಗೇ ಗೊತ್ತು. ಇವತ್ತಿನದು ಮೂರನೆಯದು. ಹೆಸರು 'ಸೀಟು'.

ಬೆಳಿಗ್ಗೆ ಆರೂವರೆಗೆ ಚಹಾ ಕುಡಿಯುತ್ತ ಮನೆಯವರಿಗೆ ಓದಿ ತೋರಿಸಿದಳು. ಮನೆಯವರು ಅಂದರೆ ಮೂರು ಜನ: ನಲ್ಲಿ ರಿಪೇರಿ ಮಾಡುವ ಗಂಡ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು, ಮತ್ತು ಬಾಯಿಗೆ ಬೀಗವೇ ಇಲ್ಲದ ನಾದಿನಿ. ಓದು ಮುಗಿಯುವಷ್ಟರಲ್ಲಿ ಮೂವರ ಚಹಾವೂ ಆರಿಹೋಗಿತ್ತು. ಆ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ.

"ಅತ್ತಿಗೆ, ಆ ಸಾಲು ಇನ್ನೊಂದ್ಸಲ ಓದಿ" ಎಂದಳು ನಾದಿನಿ.

ಸೀಟಮ್ಮ ಓದಿದಳು: "ಯಾರೋ ಅತ್ತು ಎದ್ದುಹೋದ ಸೀಟಿಗೂ ಅಷ್ಟೇ ಅಳತೆಯ ರೆಕ್ಸಿನ್."

"ಇದಕ್ಕೂ ವಾಪಸ್ ಬರ್ಲಿಲ್ಲ ಅಂದ್ರೆ ಆ ಗುಂಪಿನವರಿಗೆ ಕಣ್ಣಿಲ್ಲ ಅಂತ ತಿಳ್ಕೊ" ಎಂದ ಗಂಡ.

"ಬರ್ಲಿಲ್ಲ ಅಂದ್ರೆ ಬರೆಯೋದನ್ನೇ ಬಿಡ್ತೀನಿ. ಒಂದು ವರ್ಷ ಅಲ್ಲ, ಪೂರ್ತಿ" ಎಂದಳು ಅವಳು. ನಗುತ್ತಲೇ ಹೇಳಿದಳು, ಆದರೆ ಚಹಾ ಮುಗಿಸದೆಯೇ ಲೋಟ ಕೆಳಗಿಟ್ಟದ್ದನ್ನು ಮಗಳು ನೋಡಿದಳು.

ಏಳಕ್ಕೆ ಎರಡು ನಿಮಿಷವಿರುವಾಗ, ಡಿಪೋದ ಗೇಟಿನ ಹತ್ತಿರ ನಿಂತಿದ್ದ ಅವಳಿಗೆ ಇದ್ದಕ್ಕಿದ್ದಂತೆ ಅಳುಕು ಹುಟ್ಟಿತು. ಗುಂಪಿನ ಬೇರೆಯವರ ಕವಿತೆಗಳಲ್ಲಿ ಮುಗಿಲಿದೆ, ಕೊಳಲಿದೆ, ವಿರಹವಿದೆ. ಯಾರಾದರೂ ರೆಕ್ಸಿನ್ ಎಂದು ಬರೆಯುತ್ತಾರೆಯೇ? ಓದಿದವರು ಕಿಸಕ್ಕೆಂದು ನಕ್ಕುಬಿಟ್ಟರೆ? ಅವಳು ಆ ಸಾಲನ್ನು ಅಳಿಸಿದಳು. ಉಳಿದದ್ದನ್ನು ಕಣ್ಣುಮುಚ್ಚಿ ಹಾಕಿದಳು. ಅಳಿಸಿದ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಅಲ್ಲಿ ಯಾರಿದ್ದರು?

ಹತ್ತಾಯಿತು, ಸೊನ್ನೆ. ಹನ್ನೆರಡಾಯಿತು, ಸೊನ್ನೆ. ಒಂದೂವರೆಗೆ ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚಿದಳು. ಪಕ್ಕದ ಮೇಜಿನಲ್ಲಿ ಸೀಟಿನೊಳಗಿನ ಫೋಮ್ ಕತ್ತರಿಸುವ ಗೆಳತಿ ಬೈದಳು, "ಎಷ್ಟು ಸಲ ಅದನ್ನ ತೆಗ್ದು ನೋಡ್ತೀಯೆ? ಫೋನು ಸವೆದು ಹೋಗುತ್ತೆ!"

ನಾಲ್ಕು ಗಂಟೆಯ ಚಹಾಕ್ಕೆ ಯಂತ್ರ ನಿಲ್ಲಿಸಿ ನೋಡಿದರೆ, ಸೊನ್ನೆ ಇದ್ದ ಜಾಗದಲ್ಲಿ ನಾಲ್ಕು!

"ಬಂತು ಕಣೇ! ನಾಲ್ಕು ಬಂತು!" ಅವಳು ಕೂಗಿದ ರಭಸಕ್ಕೆ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ತಲೆ ಹೊಡೆಸಿಕೊಂಡ. ಗೆಳತಿ ಬ್ಲೇಡು ಕೆಳಗಿಟ್ಟು ಓಡಿಬಂದಳು. ಫೋರ್‌ಮನ್ ಬೆಂಕಿ ಬಿತ್ತೇನೋ ಎಂದು ಬಂದ. ಸೀಟಮ್ಮನ ಕಾಲು ನೆಲದ ಮೇಲಿರಲಿಲ್ಲ.

"ಓದೇ, ಓದೇ, ಏನಂದಿದ್ದಾರೆ?" ಎಂದಳು ಗೆಳತಿ.

ಮೊದಲನೆಯದು 'ಮಂಜಿನ ಹನಿ' ಎಂಬವರಿಂದ: "ಯಾರೋ ಅತ್ತು ಎದ್ದುಹೋದ ಸೀಟಿಗೂ ಅಷ್ಟೇ ಅಳತೆಯ ರೆಕ್ಸಿನ್. ನಾನು ಸಮುದ್ರ ತೀರದಲ್ಲಿ ಕೂತು ಓದಿದೆ." ಸೀಟಮ್ಮನಿಗೆ ಮೈ ಜುಮ್ಮೆಂದಿತು. ಇದೇ, ಇದೇ ಸಾಲು! ಎರಡನೆಯದು 'ದೂರದ ಓದುಗ', ಅದೇ ಸಾಲು. ಮೂರನೆಯದು 'ಕಾವ್ಯಪ್ರೇಮಿ', ಅದೂ ಅದೇ ಸಾಲು, ಕೆಳಗೆ ಬೇರೆ ಬರೆದಿತ್ತು: "ಜಾಯಿಂಟು ಚೆನ್ನಾಗಿ ಕೂತಿದೆ. ಎಲ್ಲೂ ಸೋರುತ್ತಿಲ್ಲ."

ಅವಳ ನಗು ಅಲ್ಲಿಗೇ ನಿಂತಿತು. ಆ ಸಾಲನ್ನು ಬೆಳಿಗ್ಗೆ ಗೇಟಿನ ಹತ್ತಿರ ಅವಳೇ ಅಳಿಸಿದ್ದಳಲ್ಲ! ಕವಿತೆಯಲ್ಲಿ ಇಲ್ಲದ ಸಾಲು ಓದಿದವರ ಮನಸ್ಸಿನಲ್ಲಿ ಉಳಿಯುವುದು ಹೇಗೆ? ಅದನ್ನು ಕೇಳಿಸಿಕೊಂಡಿದ್ದವರು ಈ ಭೂಮಿಯ ಮೇಲೆ ಮೂರೇ ಜನ. ಆ ಮೂವರೂ ಬೆಳಿಗ್ಗೆ ಅವಳೆದುರು ಚಹಾ ಕುಡಿಯುತ್ತ ಕೂತಿದ್ದರು. ಪಿತ್ತ ನೆತ್ತಿಗೇರಿತು. ನಾಲ್ಕನೆಯದೂ ಅವರದ್ದೇ ಇರಬೇಕೆಂದು ಓದದೆಯೇ ಫೋನನ್ನು ಚೀಲಕ್ಕೆ ತುರುಕಿದಳು.

"ಏನಾಯ್ತೇ?"

"ಏನಿಲ್ಲ. ಮನೇಲಿ ಮೂರು ಜನರ ಗ್ರಹಚಾರ ಬಿಡಿಸ್ತೀನಿ ಇವತ್ತು" ಎಂದು ಯಂತ್ರ ತುಳಿಯಲು ಕೂತಳು. ಆಮೇಲೆ ಹೊಲಿದ ಎರಡು ಕವರಿನ ಹೊಲಿಗೆ ಸೊಟ್ಟಗಾಗಿ ಬಿಚ್ಚಬೇಕಾಯಿತು. ಅವಮಾನವಾಗಿತ್ತು ಅವಳಿಗೆ. ಅದಕ್ಕಿಂತ ಹೆಚ್ಚು, ಆ ಒಂದು ನಿಮಿಷ ಎಷ್ಟು ಸಂತೋಷಪಟ್ಟಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಐದೂಮುಕ್ಕಾಲಿಗೆ ಮನೆಯ ಬಾಗಿಲು ತೆರೆದರೆ ಮೂವರೂ ಸಾಲಾಗಿ ಕೂತಿದ್ದಾರೆ, ಮುಖದ ತುಂಬ ಏನೂ ಅರಿಯದವರ ಕಳೆ.

"ಏನ್ ಅಮ್ಮ, ಬಂತಾ?" ಎಂದಳು ಮಗಳು.

"ಬಂತಮ್ಮ, ಬಂತು. ಸಮುದ್ರ ತೀರದಿಂದ ಬಂತು. ನಿಮ್ಮತ್ತೆ ಯಾವಾಗ ಹೋಗಿದ್ಲು ಸಮುದ್ರಕ್ಕೆ?"

ನಾದಿನಿ ತನ್ನ ಫೋನನ್ನು ಬೆನ್ನ ಹಿಂದೆ ಅಡಗಿಸಿದಳು. ಗಂಡ ಎದ್ದು ಅಡುಗೆಮನೆಯ ಕಡೆ ಜಾರುತ್ತಿದ್ದ.

"ಎಲ್ಲಿ ಹೊರಟ್ರಿ ಕಾವ್ಯಪ್ರೇಮಿಗಳು? ನನ್ನ ಕವಿತೆ ಸೋರುತ್ತೋ ಇಲ್ವೋ ನೋಡೋಕೆ ನಿಮ್ಮನ್ನ ಯಾರು ಕರೆದ್ರು?"

ಅವನು ಇಂಗು ತಿಂದ ಮಂಗನಂತೆ ನಿಂತ. ಬಣ್ಣ ಬಯಲಾಯಿತು. ಮಧ್ಯಾಹ್ನ ಮಗಳು ಸುಳ್ಳು ಹೆಸರಿನಲ್ಲಿ ತಾನೂ ಗುಂಪಿಗೆ ಸೇರಿ, ಅಪ್ಪನಿಗೂ ಅತ್ತೆಗೂ ಫೋನು ಮಾಡಿ ಅವರನ್ನೂ ಸೇರಿಸಿದ್ದಳು. ಕವಿತೆಯ ಹೆಸರಿನ ಕೆಳಗೇ ಉತ್ತರ ಬರೆಯುವ ಜಾಗವಿತ್ತು. ಬೆಳಿಗ್ಗೆಯೇ ಕೇಳಿದ್ದ ಕವಿತೆಯಲ್ಲವೇ ಎಂದು ಮೂವರಲ್ಲಿ ಒಬ್ಬರೂ ಅದನ್ನು ತೆರೆದು ಓದಿರಲಿಲ್ಲ.

"ಆ ಸಾಲು ನಾನು ಅಳಿಸಿದ್ದೆ" ಎಂದಳು ಸೀಟಮ್ಮ.

"ಅಳಿಸಿದ್ರಾ? ಯಾಕತ್ತಿಗೆ? ಇದ್ದಿದ್ರಲ್ಲಿ ಅದೇ ಚೆನ್ನಾಗಿತ್ತು!" ನಾದಿನಿ ತಪ್ಪು ಮರೆತು ಜಗಳಕ್ಕೇ ನಿಂತಳು.

"ಅಮ್ಮ, ನೀನು ಬರೆಯೋದು ಬಿಡ್ತೀನಿ ಅಂದ್ಯಲ್ಲ. ಅದಕ್ಕೆ ಹೆದರ್ಕೊಂಡು ಮಾಡಿದ್ವಿ" ಎಂದ ಮಗಳ ದನಿ ಸಣ್ಣಗಾಗಿತ್ತು.

ಸೀಟಮ್ಮನ ಸಿಟ್ಟು ಅರ್ಧ ಇಳಿಯಿತು. ಆದರೂ ಫೋನು ತೆಗೆದು ಅಡುಗೆಮನೆಯ ನೆಲದ ಮೇಲೆ ಕೂತು ಬರೆಯತೊಡಗಿದಳು.

"ಏನ್ ಬರೀತಿದ್ದೀಯೆ?" ಗಂಡ ಬಗ್ಗಿ ನೋಡಿ ಗಾಬರಿಯಾದ. "ಲೇ, ಸುಮ್ನಿರೇ! ಯಾರಿಗೆ ಗೊತ್ತಾಗುತ್ತೆ? ಒಂದು ವರ್ಷ ಹೊರಗೆ ಹಾಕ್ತಾರೆ ಕಣೆ!"

"ಹಾಕ್ಲಿ. ಅಲ್ಲಿ ಜನ ನಿಜವಾಗಿ ಓದಿ ಕಳಿಸ್ತಾರೆ ರೀ. ನಾನು ಸುಳ್ಳು ಇಟ್ಕೊಂಡು ಅಲ್ಲಿ ಕೂರಲ್ಲ." ಎಲ್ಲರೂ ನೋಡುವ ಜಾಗದಲ್ಲೇ ಬರೆದಳು: "ದೊಡ್ಡಕ್ಕ, ನನಗೆ ಬಂದ ಸಾಲುಗಳು ಹೊರಗಿನವರದ್ದಲ್ಲ. ನನ್ನ ಗಂಡ, ಮಗಳು, ನಾದಿನಿ ಬರೆದದ್ದು. ಅವರು ಬರೆದ ಸಾಲು ಕವಿತೆಯಲ್ಲೇ ಇಲ್ಲ, ನಾನು ಅಳಿಸಿದ್ದೆ. ಕವಿತೆ ತೆಗೆದುಬಿಡಿ. ತಪ್ಪಾಯಿತು." ಬರೆದು ಕಳಿಸಿ, ಫೋನನ್ನು ಅಕ್ಕಿ ಡಬ್ಬದ ಮೇಲೆ ಕವುಚಿಟ್ಟಳು. ಗಂಟೆ ಆರೂ ಹತ್ತು.

ಎರಡೇ ನಿಮಿಷಕ್ಕೆ ಅದು ಗುಣುಗಿತು. ಯಾರಿಗೂ ಮುಟ್ಟುವ ಧೈರ್ಯವಿಲ್ಲ. ಕೊನೆಗೆ ಮಗಳು ಎತ್ತಿಕೊಂಡು ಓದಿದಳು: "ಮನೆಯವರ ಮೂರು ಸಾಲು ತೆಗೆದಿದ್ದೇನೆ. ಆದರೆ ಕವಿತೆ ಯಾಕೆ ತೆಗೆಯಲಿ? ನಾಲ್ಕನೆಯ ಸಾಲು ಇದೆಯಲ್ಲ."

"ನಾಲ್ಕನೇದು ಯಾರು ಹಾಕಿದ್ದು? ಬಾಯಿ ಬಿಡಿ!" ಎಂದಳು ಸೀಟಮ್ಮ.

"ನಾನು ಒಂದೇ ಹಾಕಿದ್ದು ಅತ್ತಿಗೆ."

"ನಾನೂ ಒಂದೇ ಅಮ್ಮ."

"ನನ್ನ ನಲ್ಲಿ ಬಿಚ್ಚೋ ಪಾನಾ ಮೇಲಾಣೆ ಕಣೆ, ಆ ಒಂದು ಬರೆಯೋಕೇ ನಂಗೆ ಮುಕ್ಕಾಲು ಗಂಟೆ ಹಿಡೀತು!"

ಸೀಟಮ್ಮ ಫೋನು ಕಸಿದುಕೊಂಡಳು. ಬರೆದವರ ಹೆಸರು 'ಲಿಫ್ಟ್‌ನವನು'. "ಎದ್ದವರ ಬಿಸಿ, ಕೂತವರಿಗೆ ಮುಂದಿನ ನಿಲ್ದಾಣದವರೆಗೆ. ಈ ಸಾಲು ಉಳಿಯಿತು. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಓದಿದೆ. ಓದಿದ ಮೇಲೆ ನನ್ನ ಸೀಟಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ."

ಅದು ಕವಿತೆಯಲ್ಲೇ ಇದ್ದ ಸಾಲು. ಅವಳು ಬರೆದದ್ದು, ಅವಳು ಉಳಿಸಿದ್ದು, ಅವಳ ಮುಖ ಪರಿಚಯವೇ ಇಲ್ಲದ ಯಾರೋ ಓದಿದ್ದು. ಸೀಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾದಿನಿ ಮಾತ್ರ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಅಷ್ಟರಲ್ಲಿ ಫೋನಿಗೆ ಬಿಡುವೇ ಇಲ್ಲ. ತಪ್ಪೊಪ್ಪಿಗೆಯನ್ನು ಗುಂಪೆಲ್ಲ ಓದಿತ್ತು. 'ಆ ಅಳಿಸಿದ ಸಾಲು ಯಾವುದು? ತೋರಿಸಿ ಮಹಾತಾಯಿ!' ಎಂದು ಒಬ್ಬರು. 'ಹೆಂಡತಿಯ ಕವಿತೆಗೆ ಕದ್ದು ಸಾಲು ಕಳಿಸುವ ಗಂಡ ಎಲ್ಲಿ ಸಿಗುತ್ತಾನೆ?' ಎಂದು ಇನ್ನೊಬ್ಬರು. ಗಂಡ ಇದನ್ನು ತಾನೇ ಎರಡು ಸಲ ಗಟ್ಟಿಯಾಗಿ ಓದಿದ. ಸೀಟಮ್ಮ ಆ ಸಾಲನ್ನು ಅದರ ಜಾಗಕ್ಕೆ ಸೇರಿಸಿದಳು, ರೆಕ್ಸಿನ್ ಸಮೇತ. ಐದು, ಒಂಬತ್ತು, ಹದಿನೇಳು. ಸಾಲು ವಾಪಸ್ ಬರುತ್ತಲೇ ಇತ್ತು. ಒಬ್ಬಾಕೆ ಬರೆದಿದ್ದಳು: "ಅತ್ತವಳು ನಾನು. ಹೋದ ವರ್ಷ, ಆಸ್ಪತ್ರೆಯಿಂದ ಬರುವಾಗ, ಕಿಟಕಿ ಪಕ್ಕದ ಸೀಟು. ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ." ಮನೆಯಲ್ಲಿ ಹಬ್ಬವಾದಂತಾಯಿತು. ಒಲೆಯ ಮೇಲೆ ಇಟ್ಟ ಹಾಲು ಉಕ್ಕಿದ್ದು ಯಾರಿಗೂ ತಿಳಿಯಲಿಲ್ಲ.

ಆರೂ ನಲವತ್ತಕ್ಕೆ, ಲಿಫ್ಟ್‌ನವನಿಗೆ ಒಂದು ಮಾತು ಹೇಳಬೇಕೆಂದು ಸೀಟಮ್ಮ ಅವನ ಹೆಸರನ್ನು ಒತ್ತಿದಳು. ಒತ್ತಿದವಳು ಹಾಗೆಯೇ ಕೂತುಬಿಟ್ಟಳು. ಇವತ್ತು ಬೆಳಿಗ್ಗೆ ಏಳಕ್ಕೆ ಅವನೂ ಕವಿತೆ ಹಾಕಿದ್ದ. ಅವನಿಗೂ ಅದು ಮೂರನೆಯದು, ಮೊದಲ ಎರಡು ಅವಳವುಗಳಂತೆಯೇ ಹೋಗಿದ್ದವು. ವಾಪಸ್ ಬಂದ ಸಾಲು: ಸೊನ್ನೆ. ದಿನವಿಡೀ ತನಗೇ ಏನೂ ಬಾರದಿರುವಾಗ, ಅದರ ಸುದ್ದಿಯನ್ನೂ ಎತ್ತದೆ, ಅವಳಿಗೆ ಸಾಲು ಕಳಿಸಿದ್ದ.

"ಸದ್ದು! ಎಲ್ಲ ಸುಮ್ನಿರಿ!" ಎಂದಳು.

"ಏನಮ್ಮ?"

"ಇವನಿಗೆ ಇಪ್ಪತ್ತೇ ನಿಮಿಷ ಇದೆ."

"ಹಾಗಾದ್ರೆ ಯಾವ್ದಾದ್ರೂ ಒಂದು ಸಾಲು ಕಳ್ಸಿ ಅತ್ತಿಗೆ, ಪಾಪ!"

"ಪಾಪ ಅಂತ ಕಳಿಸಿದ್ರೆ ಅವನಿಗೆ ಗೊತ್ತಾಗುತ್ತೆ. ನನಗೆ ಗೊತ್ತಾಗ್ಲಿಲ್ವಾ?"

ಓದಿದಳು. ಮುಗಿಲು, ಚುಕ್ಕಿ, ಕಣ್ಣೀರು. ಏನೂ ಉಳಿಯಲಿಲ್ಲ. ಎರಡನೆಯ ಸಲ ಓದಿದಳು, ಉಹೂಂ. ಆರೂ ಐವತ್ತು. ಗಂಡ ಗಡಿಯಾರ ನೋಡುತ್ತ ನಿಂತಿದ್ದ, ಮಗಳು ಉಗುರು ಕಚ್ಚುತ್ತಿದ್ದಳು. ಸೀಟಮ್ಮನಿಗೆ ಅಳುವೇ ಬಂತು. ಸುಳ್ಳು ಹೇಳಲಾರಳು, ಸುಮ್ಮನಿರಲಾರಳು. ಮೂರನೆಯ ಸಲ, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ನೋಡುವವಳಂತೆ, ಒಂದೊಂದೇ ಮಾತಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಕೊನೆಗೆ ಬಂದಾಗ ಅವಳ ಬೆರಳು ನಿಂತಿತು.

"ಎಲ್ಲರನ್ನೂ ಅವರವರ ಮಹಡಿಗೆ ಬಿಟ್ಟು, ಕೆಳಗೆ ಬರುವಾಗ ನನ್ನ ಜೊತೆ ನಾನೇ ಮಾತಾಡುತ್ತೇನೆ."

ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಓದಿದಳು.

"ನಿಜವಾಗ್ಲೂ ಉಳೀತಾ?" ಎಂದು ಗಂಡ ಮೆಲ್ಲಗೆ ಕೇಳಿದ.

"ಉಳೀತು ರೀ."

"ನಾವೂ ಓದ್ಬಹುದಾ? ಅವನಿಗೆ ನಾವು ಹೊರಗಿನವರೇ ತಾನೆ?"

"ಓದಿ. ಪೂರ್ತಿ ಓದಿ. ಉಳಿದ್ರೆ ಮಾತ್ರ ಬರೀರಿ."

ಮೂವರೂ ತಮ್ಮ ತಮ್ಮ ಫೋನು ತೆಗೆದು ಅವಳ ಸುತ್ತ ನೆಲದ ಮೇಲೆ ಕೂತರು. ಈ ಸಲ ಎಲ್ಲರೂ ಕವಿತೆಯನ್ನು ತೆರೆದರು. ಸೀಟಮ್ಮ ಅವನ ಸಾಲನ್ನು ಒಂದಕ್ಷರ ತಪ್ಪದಂತೆ ಬರೆದು, ಕೆಳಗೆ ಎರಡು ಮಾತು ಸೇರಿಸಿ, ಏಳಕ್ಕೆ ಮೂರು ನಿಮಿಷವಿರುವಾಗ ಕಳಿಸಿದಳು: "ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಓದಿದೆ. ನನ್ನ ಸುತ್ತ ಇನ್ನೂ ಮೂರು ಜನ ಓದುತ್ತಿದ್ದಾರೆ. ಇವರು ಯಾರೂ ನಿಮ್ಮ ನೆಂಟರಲ್ಲ."