ಮಳೆಮನೆ ಉಳಿಸಿದ ಭಾನುವಾರ

ಬೆಟ್ಟಸೀಮೆ ಬೆಳೆಗಾರರ ಸಂಘದ ಹಿಂದಿನ ಕೋಣೆಯಲ್ಲಿದ್ದ ಮಳೆಮನೆಯನ್ನು ಪ್ರಾಣ ಕೊಟ್ಟಾದರೂ ಉಳಿಸಿಕೊಳ್ಳುತ್ತೇವೆಂದು ಸಹಿ ಹಾಕಿದವರು ಅರವತ್ತಮೂರು ಜನ. ಅವರಲ್ಲಿ ಆ ಕೋಣೆಯೊಳಗೆ ಎಂದಾದರೂ ಕಾಲಿಟ್ಟವರು ಒಂಬತ್ತು ಮಂದಿ. ಆ ಒಂಬತ್ತರಲ್ಲೂ ಆರು ಮಂದಿ ಬಂದದ್ದು ಕಕ್ಕಸು ಯಾವ ಕಡೆ ಎಂದು ಕೇಳುವುದಕ್ಕೆ. ಸುಶೀಲಾ ಟೀಚರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹನ್ನೆರಡು ವರ್ಷಗಳಿಂದ ಆ ಕೋಣೆಯ ಬೀಗದ ಕೈ ಇದ್ದದ್ದು ಅವರ ಸೆರಗಿನ ಗಂಟಿನಲ್ಲಿ.

ಮಳೆಮನೆ ಎಂದರೆ ಮಳೆಗೆ ಸಂಬಂಧಪಟ್ಟ ಸಾಮಾನುಗಳ ಮ್ಯೂಸಿಯಂ. ಹಾಜರಿ ಬರೆಯುವ ರೈಟರ್ ಆಗಿ ನಲವತ್ತು ವರ್ಷ ಎಸ್ಟೇಟುಗಳಲ್ಲಿ ಸವೆದ ಗುರುವಯ್ಯ ಎಂಬವರು ಕಟ್ಟಿದ್ದು. ಗದ್ದೆ ನಾಟಿಯ ಹೆಂಗಸರು ಬೆನ್ನ ಮೇಲೆ ಹೊತ್ತುಕೊಳ್ಳುತ್ತಿದ್ದ ಗೊರಬು, ಆಳುಗಳ ಕಂಬಳಿಕೊಪ್ಪೆ, ದೊರೆಗಳು ಬಿಟ್ಟುಹೋದ ಮಳೆ ಅಳೆಯುವ ತಾಮ್ರದ ಡಬ್ಬಗಳು, ಗೆದ್ದಲಿನ ಬಾಯಿಂದ ಕಿತ್ತುಕೊಂಡು ಬಂದ ಐವತ್ತೆರಡು ಎಸ್ಟೇಟುಗಳ ಮಳೆ ಪುಸ್ತಕಗಳು. ಇವೆಲ್ಲ ಗೋಡೆಯ ಮೇಲೆ, ಕಪಾಟಿನೊಳಗೆ. ಮ್ಯೂಸಿಯಮ್ಮಿನ ಜೀವ ಮಾತ್ರ ಹೊರಗೆ, ಹಿತ್ತಲ ಅಂಗಳದಲ್ಲಿತ್ತು. ಮೊಣಕಾಲೆತ್ತರದ ಕಬ್ಬಿಣದ ಬೇಲಿಯೊಳಗೆ ನೆಟ್ಟ ಒಂದು ಮಳೆಮಾಪಕ. ಮೇಲೆ ಆಲಿಕೆ, ಒಳಗೆ ಬಾಟಲಿ. ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಕೊಳವೆಗೆ ಸುರಿದು, ಎಷ್ಟು ಇಂಚು, ಇಂಚನ್ನು ನೂರು ಪಾಲು ಮಾಡಿದ ಸೆಂಟು ಎಷ್ಟು ಎಂದು ಓದಿ, ಪುಸ್ತಕದಲ್ಲಿ ಬರೆಯಬೇಕು. ಬೆಳಿಗ್ಗೆ ಎಂಟು ಗಂಟೆಗೆ. ೧೯೩೪ನೇ ಇಸವಿಯಿಂದ ಒಂದು ದಿನವೂ ತಪ್ಪಿದ್ದಿಲ್ಲ.

ಗುರುವಯ್ಯ ಮಗಳ ಧಾರೆಯ ದಿನವೂ ಎಂಟಕ್ಕೆ ಬಂದು ಓದಿ ಹೋಗಿದ್ದರಂತೆ. ಸಾಯುವ ಮೊದಲು ಬೀಗದ ಕೈ ಕೊಟ್ಟು ಅವರು ಹೇಳಿದ್ದು ಎರಡೇ ಮಾತು. "ನೋಡದೆ ಇದ್ದದ್ದು ಬರೀಬೇಡಿ ಟೀಚರೇ. ನೋಡೋದನ್ನ ಬಿಡಬೇಡಿ." ಸುಶೀಲಾ ಟೀಚರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ಇಂಥ ಮಾತು ಅವರ ರಕ್ತಕ್ಕೆ ಹತ್ತುತ್ತಿತ್ತು. ತಮ್ಮ ಯಜಮಾನರು ಹೋದ ಬೆಳಿಗ್ಗೆ, ಹೆಣವನ್ನು ನಾದಿನಿಯ ಸುಪರ್ದಿಗೆ ಬಿಟ್ಟು, ಎಂಟಕ್ಕೆ ಸರಿಯಾಗಿ ಬಂದು "ಮೂರು ಇಂಚು ಹದಿನೆಂಟು" ಎಂದು ಬರೆದು, ಮನೆಗೆ ವಾಪಸು ಹೋಗಿ ಆಮೇಲೆ ಅತ್ತವರು.

ಈ ಕಾಫಿ ಸೀಮೆಯ ಜನ ಮಳೆ ಅಳೆಯುವ ಚಂದ ಅವರಿಗೆ ಹೇಸಿಗೆ ಹುಟ್ಟಿಸುತ್ತಿತ್ತು. ಒಬ್ಬರನ್ನೊಬ್ಬರು ಕಂಡರೆ ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳುವ ಪದ್ಧತಿ ಇಲ್ಲಿಲ್ಲ. "ನಿಮ್ಮಲ್ಲಿ ಎಷ್ಟು ಬಿತ್ತು?" ಅಷ್ಟೇ. ಈತ ಎಂಬತ್ತು ಸೆಂಟು ಎಂದರೆ ಆತ ತೊಂಬತ್ತು ಎನ್ನುವುದು, ಆತ ತೊಂಬತ್ತೆಂದರೆ ಮೂರನೆಯವನು ತನ್ನ ಆಲಿಕೆ ತುಂಬಿ ಹರಿಯಿತೆಂದು ಕೊಚ್ಚಿಕೊಳ್ಳುವುದು. ಎಷ್ಟೋ ತೋಟಗಳಲ್ಲಿ ಇಡೀ ವಾರದ ಮಳೆಯನ್ನು ಶನಿವಾರ ಒಂದೇ ಶಾಯಿಯಲ್ಲಿ ಒಂದೇ ಉಸಿರಿಗೆ ಬರೆದಿರುತ್ತಾರೆ. ಕಪಾಟಿನಲ್ಲಿರುವ ಐವತ್ತೆರಡು ಪುಸ್ತಕಗಳಲ್ಲಿ ಹೀಗೆ ಅಂದಾಜಿನ ಮಳೆ ಸುರಿದ ಪುಟಗಳಿಗೆಲ್ಲ ಟೀಚರು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು. ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ, ಸುಮ್ಮನಿರುತ್ತದೆಯೇ?

೨೦೦೨ರ ಜನವರಿಯಲ್ಲಿ ಸಂಘದ ಅಧ್ಯಕ್ಷ ರಂಗನಾಥ ಗೌಡರಿಗೆ ಜ್ಞಾನೋದಯವಾಯಿತು. ಮಳೆಮನೆಯ ಜಾಗದಲ್ಲಿ ಬಿಲಿಯರ್ಡ್ಸ್ ಮೇಜು ಹಾಕಿ, ಹಿತ್ತಲ ಅಂಗಳವನ್ನು ಕಾರು ನಿಲ್ಲಿಸಲು ಸಿಮೆಂಟು ಮಾಡಿಸುವುದು. ಮಾರ್ಚ್ ಇಪ್ಪತ್ತನಾಲ್ಕರ ಭಾನುವಾರ ಮೂರು ಗಂಟೆಗೆ ಸರ್ವ ಸದಸ್ಯರ ಸಭೆ. ಅಲ್ಲಿ ಕೈ ಎತ್ತಿಸಿ ತೀರ್ಮಾನ. "ಗುಜರಿ ಸಾಮಾನು ಟೀಚರೇ, ಬೇಕಾದ್ರೆ ನಿಮ್ಮನೆಗೆ ಸಾಗ್ಸಿಕೊಡ್ತೀನಿ" ಎಂದು ದೊಡ್ಡ ಮನಸ್ಸು ಮಾಡಿದರು. ಗೊರಬು ಮನೆಗೆ ಬಂದೀತು, ಪುಸ್ತಕವೂ ಬಂದೀತು. ಅರವತ್ತೆಂಟು ವರ್ಷ ಒಂದೇ ಜಾಗದಲ್ಲಿ ನಿಂತು ಮಳೆ ಕುಡಿದ ಮಾಪಕವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಅಲ್ಲಿಗೆ ಆ ಮಳೆ ಲೆಕ್ಕದ ಸರಣಿ ಸತ್ತಂತೆ. ಇದನ್ನು ಗೌಡರಿಗೆ ವಿವರಿಸಲು ಟೀಚರು ಅರ್ಧ ಗಂಟೆ ವ್ಯಯ ಮಾಡಿದರು. ಗೌಡರು ಆ ಅರ್ಧ ಗಂಟೆಯೂ ಹಲ್ಲುಕಡ್ಡಿ ಹಿಡಿದು ಕೂತಿದ್ದರು.

ಹೀಗೆ ಹುಟ್ಟಿದ್ದು ಮಳೆಮನೆ ಉಳಿಸಿ ಸಮಿತಿ. ಸಮಿತಿಗೆ ಪೇಟೆಯಿಂದ ಮೂರು ಮೈಲಿ, ಕಳಸದ ರಸ್ತೆಯ ಗಣಪಯ್ಯನವರು ಸಂಚಾಲಕರು. ಎಂಟು ಎಕರೆ ರೋಬಸ್ಟಾ, ಸ್ವಲ್ಪ ಅಡಿಕೆ, ಮತ್ತು ಮೈಕು ಕಂಡರೆ ತಡೆಯಲಾರದ ಗಂಟಲು, ಇಷ್ಟು ಅವರ ಆಸ್ತಿ. "ಮಳೆ ನಮ್ಮ ತಾಯಿ! ತಾಯಿ ಮನೆ ಕೆಡವಿ ಅಲ್ಲಿ ಕೋಲಾಟ ಆಡ್ತೀರಾ?" ಎಂದು ಅವರು ಬಸ್‌ಸ್ಟ್ಯಾಂಡಿನಲ್ಲಿ ಗುಡುಗಿದರೆ, ಹೊರನಾಡಿಗೆ ಹೊರಟ ಯಾತ್ರಿಕರೂ ಚಪ್ಪಾಳೆ ತಟ್ಟಿದರು. ಬಿಲಿಯರ್ಡ್ಸಿಗೆ ಕೋಲಾಟ ಎಂದದ್ದು ಅವರಿಗೇ ಎಷ್ಟು ಹಿಡಿಸಿತೆಂದರೆ, ಎರಡು ತಿಂಗಳಲ್ಲಿ ಅದನ್ನು ಹದಿನಾಲ್ಕು ಸಲ ಹೇಳಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಗೊರಬನ್ನು ಗಣಪಯ್ಯನವರು ತಲೆಕೆಳಗಾಗಿ ಹೊತ್ತಿದ್ದರು.

ಟೀಚರು ಹಲ್ಲು ಕಚ್ಚಿ ಎಲ್ಲವನ್ನೂ ಸಹಿಸಿಕೊಂಡರು. ಅವರಿಗೆ ಬೇಕಿದ್ದದ್ದು ಕೈಗಳು. ತೋಟವಿಲ್ಲದ ಅವರು ಸಂಘದ ಸದಸ್ಯರೇ ಅಲ್ಲ, ಅವರ ಕೈ ಲೆಕ್ಕಕ್ಕಿಲ್ಲ. ಸದಸ್ಯರು ನೂರ ಹತ್ತು. ಸಹಿ ಹಾಕಿದವರು ಅರವತ್ತಮೂರು. ಸಾಕಲ್ಲ, ಎಂದುಕೊಂಡರು. ಇಂಥ ದಡ್ಡರಿಂದಲೂ ಒಂದು ಕೈ ಎತ್ತಲು ಸಾಧ್ಯವಾಗದೇ ಇರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾಪಕ ನೋಡಿ ಸೊನ್ನೆ ಬರೆದರು. ನವೆಂಬರಿನಿಂದ ಸೊನ್ನೆಗಳೇ. ಹತ್ತು ಗಂಟೆಗೆ ಗಣಪಯ್ಯನವರ ಜೀಪು ಬಂತು. ಅದರಲ್ಲಿ ಡ್ರೈವರ್ ತಿಮ್ಮಪ್ಪ, ಎಂಟು ಬಿದಿರು ಗಳ, ಮತ್ತು ಕಣದಲ್ಲಿ ಒಣಹಾಕಿದ ಕಾಫಿಗೆ ಹೊದೆಸುವ ಹೊಚ್ಚಹೊಸ ನೀಲಿ ತಾಡಪಾಲು.

"ಅರವತ್ತು ಜನ ಬಿಸ್ಲಲ್ಲಿ ಎಂತಕ್ಕೆ ನಿಲ್ಲದು ಅಂತ ಅಯ್ಯೋರು ಕಳ್ಸಿದ್ರು ಟೀಚರೇ. ಚಪ್ಪರ ಎಲ್ಲಿ ಹಾಕದು?"

ಮುಂದಿನ ಅಂಗಳದಲ್ಲಿ ಗೌಡರ ಕಾರುಗಳು ನಿಲ್ಲಬೇಕು. ಹಿತ್ತಲೇ ಸರಿ ಎಂದರು ಟೀಚರು. ತಾವೇ ಮುಂದೆ ನಿಂತು ಗಳ ನೆಡಿಸಿದರು. ಡೇರೆ ಹೂವಿನ ಗಿಡ ತುಳಿಯಬೇಡ ಎಂದು ತಿಮ್ಮಪ್ಪನಿಗೆ ಬೈದರು. ಮಾಪಕದ ಬೇಲಿಯಿಂದ ಗಳ ಒಂದು ಮಾರು ದೂರ ಇರಲಿ ಎಂದು ಕಾಲಿನಲ್ಲಿ ಅಳೆದು ತೋರಿಸಿದರು. ಒಂದು ಗೂಟ ಬೇಲಿಗೆ ತಾಗಿದ್ದಕ್ಕೆ ಕಿತ್ತು ಮತ್ತೆ ನೆಡಿಸಿದರು.

"ಇದೆಂತ ದೇವ್ರಾ ಟೀಚರೇ?" ಎಂದ ತಿಮ್ಮಪ್ಪ.

"ನಿಮ್ಮ ಅಯ್ಯೋರಿಗಿಂತ ಮೇಲು. ಸುಳ್ಳು ಹೇಳಲ್ಲ" ಎಂದರು ಟೀಚರು.

ಆಮೇಲೆ ಒಳಗೆ ಹೋಗಿ ಕಪಾಟು ಒರೆಸಿದರು, ಅರವತ್ತು ಲೋಟ ತೊಳೆದು ಬೋರಲು ಹಾಕಿದರು.

ಒಂದು ಗಂಟೆಗೆ ಬಾಬಾಬುಡನ್‌ಗಿರಿಯ ಕಡೆಯಿಂದ ಗುಡುಗಿತು. ಒಂದೂಕಾಲಿಗೆ ಹಂಚಿನ ಮೇಲೆ ಕಲ್ಲು ಸುರಿದ ಹಾಗೆ ಬಿತ್ತು ನೋಡಿ ಹೂಮಳೆ! ಮೂರು ತಿಂಗಳಿಂದ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಕಾಯುವುದು ಈ ಒಂದು ಮಳೆಗೆ. ಒಂದು ಇಂಚು ಬಿದ್ದರೆ ಹೂವು. ಅರೆಬರೆ ಬಿದ್ದರೆ ಮೊಗ್ಗು ಕರಟಿ, ವರ್ಷದ ಫಸಲು ಹೋಯಿತು. ಟೀಚರು ಬಾಗಿಲಲ್ಲಿ ನಿಂತು, ಮಣ್ಣಿನ ವಾಸನೆ ಎಳೆದುಕೊಂಡು, ಎಳೆ ಹುಡುಗಿಯಂತೆ ನಕ್ಕರು. ಮಳೆಮನೆಯ ಹಣೆಬರಹ ಬರೆಯುವ ದಿನವೇ ಮಳೆ! ಇನ್ನು ಯಾವ ಗೌಡನಿಗೆ ಧೈರ್ಯ?

ಎರಡೂಕಾಲಿಗೆ ನಿಂತಿತು. ಎರಡೂವರೆಗೆ ಸಮಿತಿಯ ಪ್ರಥಮ ಹಾಗೂ ಏಕೈಕ ಪ್ರತಿನಿಧಿ ಬಂದ. ತಿಮ್ಮಪ್ಪ. ಮೈಯೆಲ್ಲ ಕೆಸರು.

"ತಾಡಪಾಲು ಬಿಚ್ಕಂಡು ಹೋಗ್ಬೇಕು ಟೀಚರೇ. ಅಯ್ಯೋರು ಕಣದಲ್ಲಿ ಕುಣೀತಾವ್ರೆ. ಕಾಫಿ ಎಲ್ಲಾ ತೇಲಿಹೋತು."

"ಸಭೆಗೆ ಬರಲ್ವ ಅವ್ರು?"

"ಎಂತ ಸಭೆ ಮಾರಾಯ್ರೆ! ನಮ್ಮಲ್ಲಿ ಬರೇ ಅರವತ್ತು ಸೆಂಟು ಬಿದ್ದದ್ದು. ಕತ್ತಲಾಗದ್ರೊಳಗೆ ಪಂಪು ಹುಡ್ಕಿ ಮಿಕ್ಕ ನಲವತ್ತು ಸೆಂಟು ನೀರು ಹೊಡೀಬೇಕು. ಊರೋರೆಲ್ಲ ಪಂಪಿಗೆ ಓಡ್ತಾವ್ರೆ."

ಅವನು ತಾಡಪಾಲಿನ ಹೊಟ್ಟೆಯಲ್ಲಿ ನಿಂತ ನೀರನ್ನು ಬೇಲಿಯಾಚೆಗೆ ಚೆಲ್ಲಿ, ಗಳ ಕಿತ್ತು, ಹೊರಟುಹೋದ. ಟೀಚರು ತಡೆಯಲಿಲ್ಲ. ಅವರ ಕಣ್ಣು ರಸ್ತೆಯ ಮೇಲಿತ್ತು. ರಸ್ತೆಯಲ್ಲಿ ಬೆಳೆಗಾರರಿಗೇನೂ ಬರಗಾಲವಿರಲಿಲ್ಲ; ಎಲ್ಲರೂ ಜೀಪಿನಲ್ಲಿ, ಸ್ಕೂಟರಿನಲ್ಲಿ ಆ ಕಡೆ ಮುಖ ಮಾಡಿ ತೋಟಕ್ಕೆ ಓಡುತ್ತಿದ್ದರು. ಒಬ್ಬಿಬ್ಬರು ಕೈ ಬೀಸಿದರು ಕೂಡ. ಪ್ರಾಣ ಕೊಡುವವರ ಕೈ ಅಷ್ಟಕ್ಕೆ ಉಪಯೋಗವಾಯಿತು.

ಮೂರು ಗಂಟೆಗೆ ಸರಿಯಾಗಿ ಬಂದವರು ರಂಗನಾಥ ಗೌಡರು ಮತ್ತು ಅವರ ಕಡೆಯ ಇಪ್ಪತ್ತಮೂರು ಮಂದಿ. ಇವರೆಲ್ಲ ದೊಡ್ಡ ತೋಟದವರು, ಕೆರೆ ಇದ್ದವರು. ತಿಂಗಳ ಹಿಂದೆಯೇ ಸ್ಪ್ರಿಂಕ್ಲರ್ ಹೊಡೆಸಿ ಹೂ ಅರಳಿಸಿ ಮುಗಿಸಿದ್ದರು. ಮಳೆ ಬಂದರೇನು, ಬಿಟ್ಟರೇನು! ಮಳೆಯನ್ನು ನಂಬಿದವರಿಗೆ ಮಳೆಮನೆ ಉಳಿಸಲು ಪುರುಸೊತ್ತಿಲ್ಲ, ಪುರುಸೊತ್ತಿದ್ದವರಿಗೆ ಮಳೆಯೇ ಬೇಕಿಲ್ಲ. ಸಭೆ ಹನ್ನೊಂದು ನಿಮಿಷ ನಡೆಯಿತು. ಮುಚ್ಚುವುದರ ಪರವಾಗಿ ಇಪ್ಪತ್ತನಾಲ್ಕು ಕೈ. ವಿರೋಧವಾಗಿ ಯಾರಾದರೂ ಎಂದು ಗೌಡರು ಕೇಳಿದಾಗ ಬಾಗಿಲ ಬಳಿ ಒಂದು ಕೈ ಎದ್ದಿತು.

"ನೀವು ಮೆಂಬರಲ್ವಲ್ಲ ಟೀಚರೇ" ಎಂದರು ಗೌಡರು, ಮೆತ್ತಗೆ. "ಏಪ್ರಿಲ್ ಒಂದಕ್ಕೆ ಸಿಮೆಂಟಿನೋರು ಬರ್ತಾರೆ. ಅಲ್ಲೀವರ್ಗೂ ಆರಾಮಾಗಿ ಖಾಲಿ ಮಾಡಿ." ಮತ್ತೆ, ಬೋರಲು ಹಾಕಿದ ಲೋಟಗಳನ್ನು ನೋಡಿ, "ಟೀ ಉಂಟಾ?" ಎಂದರು.

ಟೀಚರು ಅವರಿಗೂ ಟೀ ಕೊಟ್ಟರು.

ಕಾರುಗಳು ಹೋದ ಮೇಲೆ, ಐದು ಗಂಟೆಗೆ, ಸಂಘದ ಫೋನು ಬಡಿದುಕೊಂಡಿತು. ವಸ್ತಾರೆಯ ಗಂಗಾಧರಪ್ಪ. ಸಹಿ ಪಟ್ಟಿಯಲ್ಲಿ ನಾಲ್ಕನೆಯವರು.

"ಟೀಚರೇ, ಪೇಟೆಲಿ ಎಷ್ಟು ಬಿತ್ತು? ನಮ್ಮ ರೈಟ್ರು ಒಂದೂ ಹತ್ತು ಅಂತಾನೆ. ನಂಬಕ್ಕಾಗಲ್ಲ. ನಿಮ್ದು ಕರೆಕ್ಟಿರುತ್ತೆ."

ಸಭೆ ಏನಾಯಿತೆಂದು ಆತ ಕೇಳಲಿಲ್ಲ. ಇಟ್ಟ ಕೂಡಲೇ ಇನ್ನೊಂದು. ಮತ್ತೊಂದು. ಎಂಟು ಜನ, ಎಲ್ಲ ಸಮಿತಿಯವರು, ಎಲ್ಲರದೂ ಒಂದೇ ಪ್ರಶ್ನೆ. ಬೇವರ್ಸಿಗಳು! ಮಳೆಮನೆ ಮುಚ್ಚಿಸಿ ಎರಡು ಗಂಟೆಯಾಗಿಲ್ಲ, ಆಗಲೇ ಅದರ ಮಾತೇ ಬೇಕು. ಟೀಚರ ಎದೆಯಲ್ಲಿ ಕಹಿಯ ಜೊತೆಗೆ ಒಂದು ಸೊಕ್ಕೂ ಎದ್ದಿತು. "ನೋಡಿ ಹೇಳ್ತೀನಿ" ಎಂದು ಗಾಜಿನ ಕೊಳವೆ ತೆಗೆದುಕೊಂಡು ಹಿತ್ತಲಿಗೆ ನಡೆದರು. ಓದುವ ಹೊತ್ತು ನಾಳೆ ಎಂಟಕ್ಕೇ ಆದರೂ, ಈಗ ಒಮ್ಮೆ ಇಣುಕಿದರೆ ತಪ್ಪಿಲ್ಲ. ಇದು ಈ ಅಂಗಳದ ಕೊನೆಯ ಹೂಮಳೆ.

ಆಲಿಕೆ ಎತ್ತಿದರು. ಬಾಟಲಿ ಎತ್ತಿ ಬಗ್ಗಿಸಿದರು. ಏನೂ ಬರಲಿಲ್ಲ. ಅಲುಗಾಡಿಸಿದರು. ಒಂದು ಒಣ ಜೇಡ ಉದುರಿತು.

ಒಡೆದಿದೆಯೇ ಎಂದು ಬಾಟಲಿಯನ್ನು ತಿರುಗಿಸಿ ನೋಡಿದರು. ಒಡೆದಿರಲಿಲ್ಲ. ಆಗ ಕಾಲ ಕೆಳಗೆ ನೋಡಿದರು. ಅಂಗಳವೆಲ್ಲ ರಾಡಿಯಾಗಿ ಕೆಂಪು ನೀರು ನಿಂತಿತ್ತು. ತಾವು ನಿಂತ ಜಾಗ ಮಾತ್ರ, ಎಂಟು ಗಳದ ಗುಳಿಗಳ ನಡುವೆ, ಚಾಪೆ ಹಾಸಿದ ಹಾಗೆ ನಾಲ್ಕು ಮೂಲೆ ಚೌಕವಾಗಿ ಒಣಗಿತ್ತು. ನಟ್ಟನಡುವೆ ಬೇಲಿ, ಬೇಲಿಯೊಳಗೆ ಮಾಪಕ. ಗಳ ಬೇಲಿಗೆ ತಾಗದಂತೆ ಕಾಲಿನಲ್ಲಿ ಅಳೆದು ನೆಡಿಸಿದವರು ಕತ್ತೆತ್ತಿ ಮೇಲೆ ನೋಡಿರಲಿಲ್ಲ.

ಟೀಚರು ಒಣನೆಲದಲ್ಲಿ ಕೂತುಬಿಟ್ಟರು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಎದ್ದು ಹೋಗಿ ತೆಗೆದರು. ಗಣಪಯ್ಯನವರು.

"ಟೀಚರೇ, ಕ್ಷಮಿಸ್ಬೇಕು, ಬರಕ್ಕಾಗ್ಲಿಲ್ಲ. ಎಷ್ಟು ಬಿತ್ತು ಅಲ್ಲಿ?"

"ಸೊನ್ನೆ."

"ಎಂತ ತಮಾಷೆ ಮಾರಾಯ್ರೆ! ಪೇಟೆಲಿ ಚರಂಡಿ ಉಕ್ಕಿದೆ ಅಂದ ತಿಮ್ಮಪ್ಪ."

"ಮಾಪಕದ ಮೇಲೆ ನಿಮ್ಮ ತಾಡಪಾಲಿತ್ತು."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಅದಕ್ಕೇನು ತಲೆ ಕೆಡ್ಸಿಕೊಳ್ತೀರಿ? ಸುತ್ತಮುತ್ತ ಎಲ್ಲ ಒಂದೂ ಹತ್ತು, ಒಂದೂ ಇಪ್ಪತ್ತು. ಒಂದೂ ಹದಿನೈದು ಅಂತ ಬರ್ಕೊಳಿ. ಯಾರಿಗೆ ಗೊತ್ತಾಗತ್ತೆ?"

ಯಾರಿಗೂ ಗೊತ್ತಾಗುವುದಿಲ್ಲ. ಅದು ನಿಜ. ಟೀಚರು ಫೋನಿಟ್ಟರು.

ಮಾರನೆಯ ದಿನ ಎಂಟಕ್ಕೆ ಮತ್ತೊಮ್ಮೆ ಬಾಟಲಿ ನೋಡಿ, ಪುಸ್ತಕ ತೆರೆದು ಕೂತರು. ಆ ಹೊತ್ತಿಗೆ ಹೂಮಳೆಯ ಮರುದಿನದ ಬಿಸಿಲು ಕಾಯುತ್ತಿತ್ತು. ಅರವತ್ತೆಂಟು ವರ್ಷದ ಸಾಲುಗಳು, ಸಂಘದ ಹಳೆ ಗುಮಾಸ್ತರ ಅಕ್ಷರ, ಗುರುವಯ್ಯನವರ ಓರೆ ಅಕ್ಷರ, ಆಮೇಲೆ ತಮ್ಮ ದುಂಡು ಅಕ್ಷರ. ಪೆನ್ನು ಒಂದರ ಅಂಕಿ ಬರೆಯುವಷ್ಟು ಹತ್ತಿರ ಹೋಗಿ ನಿಂತಿತು. ಅಂಕಿಯ ಜಾಗ ಖಾಲಿ ಬಿಟ್ಟರು. ಷರಾ ಎಂಬ ಕಾಲಮ್ಮಿನಲ್ಲಿ ಬರೆದರು: ಮಳೆ ಬಂದಿದೆ. ಅಳೆದಿಲ್ಲ. ಚಪ್ಪರ ಅಡ್ಡವಾಗಿತ್ತು. ಚಪ್ಪರ ಹಾಕಿಸಿದ್ದು ನಾನು.

ಸಹಿ ಹಾಕಿದರು. ಕೆಂಪು ಪೆನ್ಸಿಲು ತೆಗೆದು ಆ ಸಾಲಿಗೂ ಒಂದು ಗುರುತು ಹಾಕಿದರು.